ಡ್ರಿಲ್ಲಿಗೆ ಸಿಕ್ಕಿಸುವ ಪುಟ್ಟ ಪಂಪು: ಎರಡು ಬೇಸಿಗೆ, ಒಂದು ಮಳೆಗಾಲ

ನಮ್ಮ ಮನೆ ಕುಮಟಾ ಕಡೆ, ಅಘನಾಶಿನಿ ಸಮುದ್ರ ಸೇರುವ ಜಾಗಕ್ಕೆ ಹತ್ತಿರ. ಸುತ್ತ ಗಜನಿ ಗದ್ದೆ, ಅಂದರೆ ಭರತದ ಉಪ್ಪುನೀರು ನುಗ್ಗುವ ತಗ್ಗು ಗದ್ದೆ. ಮಳೆಗಾಲದಲ್ಲಿ ಬಾವಿಗೆ ಬಗ್ಗಿ ಕೈಯಲ್ಲೇ ನೀರು ಮೊಗೆಯಬಹುದು. ಏಪ್ರಿಲ್ ಬಂತೆಂದರೆ ಅದೇ ನೀರು ಬಾಯಿಗಿಟ್ಟರೆ ಉಪ್ಪು. ಆಮೇಲೆ ನಳದ ನೀರೇ ಗತಿ. ದಿನ ಬಿಟ್ಟು ದಿನ ಬರುತ್ತದೆ, ಅದಕ್ಕೆ ಮೇಲಿನ ಟ್ಯಾಂಕಿಗೆ ಏರುವಷ್ಟು ಒತ್ತಡ ಇರುವುದಿಲ್ಲ. ಅಂಗಳದಲ್ಲಿ 200 ಲೀಟರಿನ ಎರಡು ನೀಲಿ ಡ್ರಮ್ಮು ತುಂಬಿಸಿಟ್ಟುಕೊಂಡು, ಬಚ್ಚಲಿಗೂ ಪಾತ್ರೆ ತೊಳೆಯುವುದಕ್ಕೂ ಕೊಡಪಾನದಲ್ಲಿ ಹೊರಬೇಕು. ನಾನು ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡುವವ. ಹೊರುತ್ತಿದ್ದದ್ದು ಆಯಿ, ಅಂದರೆ ನನ್ನ ಅಮ್ಮ. ಅವಳಿಗೀಗ 68 ವರ್ಷ, ಎಡ ಮಂಡಿ ನೋವು. ಈ ಪಂಪು ತರಿಸಿದ್ದು ಅದಕ್ಕೇ. ಇದಕ್ಕೆ ತನ್ನದೇ ಮೋಟರು ಇಲ್ಲ. ಹೊರಗೆ ಚಾಚಿದ ದಂಡವನ್ನು ಡ್ರಿಲ್ಲಿನ ಚಕ್ಕಿಗೆ, ಅಂದರೆ ಬಿಟ್ ಹಿಡಿಯುವ ಬಾಯಿಗೆ, ಸಿಕ್ಕಿಸಿದರೆ ಡ್ರಿಲ್ಲೇ ಅದನ್ನು ತಿರುಗಿಸುತ್ತದೆ.

ಅರ್ಧ ಎಚ್‌ಪಿ ಮೋಟರು ಕೂರಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಬಾವಿಗೆ ಮೋಟರು ಇದೆ. ಬೇಸಿಗೆಯ ಸಂಜೆ ನಮ್ಮಲ್ಲಿ ವೋಲ್ಟೇಜು ಬೀಳುತ್ತದೆ, ಆಗ ಅದು ಗುಂಯ್ ಎನ್ನುತ್ತದೆಯೇ ಹೊರತು ತಿರುಗುವುದಿಲ್ಲ. ಇಂಡಕ್ಷನ್ ಮೋಟರಿನ ಸ್ವಭಾವವೇ ಅದು: 230 ಇರಬೇಕಾದ ವೋಲ್ಟೇಜು 160ಕ್ಕೆ ಇಳಿದರೆ ಅದರ ಬಲ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ಡ್ರಿಲ್ಲಿನೊಳಗಿರುವುದು ಕಾರ್ಬನ್ ಬ್ರಷ್ಷಿನ ಮೋಟರು. ವೋಲ್ಟೇಜು ಕಡಿಮೆಯಾದರೆ ವೇಗ ತಗ್ಗುತ್ತದೆ, ಆದರೆ ನಿಲ್ಲುವುದಿಲ್ಲ. ಕಪಾಟು ಕೂರಿಸಲು ತಂದ ಡ್ರಿಲ್ಲು ಮನೆಯಲ್ಲಿ ಇತ್ತು. ಪಂಪಿಗೆ ಕೊಟ್ಟದ್ದು 380 ರೂಪಾಯಿ.

ಮೊದಲ ದಿನ ಪಂಪನ್ನು ಎಡಗೈಯಲ್ಲಿ ಹಿಡಿದು ಡ್ರಿಲ್ ಒತ್ತಿದೆ. ಪಂಪಿನ ಮೈಯೇ ತಿರುಗಲು ಹೊರಟಿತು, ಪೈಪು ಹಗ್ಗದ ಹಾಗೆ ಸುತ್ತಿಕೊಂಡಿತು. ಅದನ್ನು ಕೈಯಲ್ಲಿ ಹಿಡಿಯುವ ಯೋಚನೆಯನ್ನೇ ಮಾಡಬೇಡಿ. ಒಂದು ಹಲಸಿನ ಹಲಗೆ ತುಂಡಿಗೆ ಪಂಪನ್ನು ಸ್ಕ್ರೂ ಹಾಕಿ ಬಿಗಿದೆ. ಅದರ ಹಿಂದೆ ಡ್ರಿಲ್ ಕೂರಲು ಮರದ ಅಚ್ಚು ಮಾಡಿ, ಹಳೆ ಸೈಕಲ್ ಟ್ಯೂಬಿನಿಂದ ಕಟ್ಟಿದೆ. ಈಗ ಎರಡೂ ಒಂದೇ ಗೆರೆಯಲ್ಲಿ ಅಲ್ಲಾಡದೆ ಕೂರುತ್ತವೆ.

ಬೆಳಿಗ್ಗೆ ಆರೂವರೆಗೆ ನಮ್ಮ ಕೆಲಸ ಶುರು. ಹೀರುವ ಪೈಪಿನ ಬಾಯಿಗೆ ಹಳೆ ಪಂಚೆಯ ತುಂಡು ಕಟ್ಟಿರುತ್ತೇನೆ. ಮರಳು ಒಳಗೆ ಹೋದರೆ ಪಂಪು ಕೆಟ್ಟಿತು ಅಂತಲೇ ಲೆಕ್ಕ. ಡ್ರಮ್ಮಿನೊಳಗೆ ಇಳಿಬಿಡುವ ಪೈಪು ಗಟ್ಟಿಯದೇ ಬೇಕು, ತೋಟಕ್ಕೆ ಬಳಸುವ ಮೆತ್ತನೆ ಪೈಪಾದರೆ ಹೀರುವಾಗ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಆಯಿ ಒಂದು ಲೋಟ ನೀರು ತಂದು ಪಂಪಿನ ಬಾಯಿಗೆ ಸುರಿಯುತ್ತಾಳೆ. ನಾನು ಪೈಪು ಸಿಕ್ಕಿಸಿ ಕ್ಲಿಪ್ ಬಿಗಿದು, ಡ್ರಿಲ್ಲಿನ ಗುಂಡಿ ಒತ್ತಿ ಲಾಕ್ ಮಾಡುತ್ತೇನೆ. ನಾಲ್ಕೈದು ಸೆಕೆಂಡು ಬರಿ ಗಾಳಿಯ ಸದ್ದು, ಆಮೇಲೆ ಆ ಸದ್ದು ಒಮ್ಮೆಗೇ ದಪ್ಪವಾಗುತ್ತದೆ. ಮಾಡಿನ ಮೇಲಿನ ಟ್ಯಾಂಕಿನಲ್ಲಿ ನೀರು ಬೀಳುವುದು ಬಚ್ಚಲ ಬಾಗಿಲಲ್ಲಿ ನಿಂತ ಆಯಿಗೆ ಮೊದಲು ಕೇಳುತ್ತದೆ. “ತಮಾ, ನೀರು ಬತ್ತಾ ಇದ್ದು!” ಎನ್ನುತ್ತಾಳೆ, ಬರುತ್ತಾ ಇದೆ ಎಂದು. ಎರಡು ಬೇಸಿಗೆ ಕಳೆಯಿತು, ಪಂಪು ಓಡಿಸಿದ ಒಂದು ದಿನವೂ ಆ ಮಾತು ತಪ್ಪಿದ್ದಿಲ್ಲ.

ನೆಲಮಟ್ಟದಲ್ಲಿ 20 ಲೀಟರಿನ ಕ್ಯಾನು ತುಂಬಲು ಎರಡು ನಿಮಿಷದೊಳಗೆ ಸಾಕು. ಮೂರೂವರೆ ಮೀಟರು ಎತ್ತರದ ಟ್ಯಾಂಕಿಗಾದರೆ ಅಷ್ಟೇ ನೀರಿಗೆ ಮೂರು ನಿಮಿಷ. ಒಂದು ಡ್ರಮ್ಮಿಗೆ ಅರ್ಧ ಗಂಟೆ ಓಡಬೇಕು, ಆದರೆ ಡ್ರಿಲ್ಲು ಅಷ್ಟು ಹೊತ್ತು ಎಡೆಬಿಡದೆ ಓಡಲು ಮಾಡಿದ್ದಲ್ಲ. ಹತ್ತು ನಿಮಿಷ ಓಡಿಸಿ ಹತ್ತು ನಿಮಿಷ ಬಿಡುತ್ತೇನೆ. ಆ ಬಿಡುವಿನಲ್ಲಿ ನನ್ನ ಚಾ, ತಿಂಡಿ ಮುಗಿಯುತ್ತದೆ. ಗೆಳೆಯನ 12 ವೋಲ್ಟಿನ ಬ್ಯಾಟರಿ ಡ್ರಿಲ್ಲನ್ನೂ ನೋಡಿದೆ. ಅರ್ಧ ಡ್ರಮ್ಮು ಖಾಲಿಯಾಗುವ ಮೊದಲೇ ಬ್ಯಾಟರಿ ಮುಗಿಯಿತು.

ಇಷ್ಟರವರೆಗೆ ಹೊಗಳಿದೆ. ಈಗ ಸಿಟ್ಟಿನ ವಿಷಯ.

ಈ ಪಂಪಿನ ಜೀವ ಇರುವುದು ಒಳಗಿನ ರಬ್ಬರ್ ಚಕ್ರದಲ್ಲಿ. ಅದಕ್ಕೆ ಮೆತ್ತನೆಯ ರೆಕ್ಕೆಗಳು. ಗೂಡಿನ ಒಂದು ಬದಿ ಉಬ್ಬಿರುತ್ತದೆ. ರೆಕ್ಕೆ ಅಲ್ಲಿಗೆ ಬಂದಾಗ ಬಾಗಿ ನೀರನ್ನು ಹೊರಗೆ ಒತ್ತುತ್ತದೆ, ದಾಟಿದ ಮೇಲೆ ನೆಟ್ಟಗಾಗುತ್ತ ಹೊಸ ನೀರು ಎಳೆಯುತ್ತದೆ. ರಬ್ಬರು ಗೂಡಿಗೆ ಉಜ್ಜಿಕೊಂಡೇ ತಿರುಗುವುದರಿಂದ ನಡುವೆ ಜಾರಿಕೆಗೆ ಇರುವುದು ನೀರು ಮಾತ್ರ. ನೀರಿಲ್ಲದೆ ತಿರುಗಿದರೆ ರಬ್ಬರು ಸುಡುತ್ತದೆ.

ಹೋದ ವರ್ಷ ಮೇ ತಿಂಗಳಲ್ಲಿ ಬಾವಿ ಮೋಟರು ನಿಂತಾಗ, ಗಿಡಕ್ಕಾದರೂ ಆದೀತು ಎಂದು ಬಾವಿಗೇ ಪೈಪು ಇಳಿಬಿಟ್ಟೆ. ನೀರು ಇದ್ದದ್ದು 18 ಅಡಿ ಕೆಳಗೆ. ಪಂಪು ನೀರನ್ನು ಎಳೆಯುತ್ತದೆ ಎನ್ನುತ್ತೇವೆ, ನಿಜದಲ್ಲಿ ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಹಾಗಾಗಿ ಎಂಥ ದೊಡ್ಡ ಪಂಪನ್ನು ಬಾವಿಕಟ್ಟೆ ಮೇಲೆ ಇಟ್ಟರೂ ಸುಮಾರು 10 ಮೀಟರಿಗಿಂತ ಆಳದ ನೀರನ್ನು ಹೀರಲಾಗದು. ಈ ಪುಟ್ಟದಕ್ಕೆ ಎರಡು ಮೀಟರೇ ಹೆಚ್ಚು. ಒಂದೂವರೆ ನಿಮಿಷ ಓಡಿಸಿರಬೇಕು, ಸುಟ್ಟ ರಬ್ಬರಿನ ವಾಸನೆ ಬಂತು. ಬಿಚ್ಚಿ ನೋಡಿದರೆ ಎರಡು ರೆಕ್ಕೆ ಬುಡದಲ್ಲೇ ಕಿತ್ತು ಬಂದಿದ್ದವು, ಉಳಿದವುಗಳ ತುದಿ ಅಂಟಂಟಾಗಿತ್ತು.

ತಪ್ಪು ನನ್ನದೇ. ನನ್ನ ಸಿಟ್ಟು ಅದಕ್ಕಲ್ಲ. ಆ ರಬ್ಬರ್ ಚಕ್ರ ಒಂದನ್ನೇ ಮಾರುವವರು ಯಾರೂ ಇಲ್ಲ! ಕುಮಟಾದಲ್ಲಿ ಮೂರು ಅಂಗಡಿ, ಅಂಕೋಲಾದಲ್ಲಿ ಎರಡು, ಶಿರಸಿಗೆ ಮದುವೆಗೆ ಹೋದಾಗ ಅಲ್ಲೂ ಕೇಳಿದೆ. ಹೊಸ ಪಂಪೇ ತಗೊಳ್ಳಿ ಎಂದರು ಎಲ್ಲರೂ. ಮಾರಿದವರಿಗೆ ಬರೆದರೆ ಉತ್ತರವೂ ಅದೇ. ಗೂಡು ಗಟ್ಟಿ, ಸ್ಕ್ರೂ ಗಟ್ಟಿ, ಹಾಳಾದದ್ದು ಅಂಗೈಯಲ್ಲಿ ಹಿಡಿಯುವ ರಬ್ಬರು. ಅದಕ್ಕಾಗಿ ಇಡೀ ಪಂಪನ್ನು ಎಸೆಯಿರಿ ಎನ್ನುವುದು ಸರಿಯಲ್ಲ. ಸವೆದೇ ಸವೆಯುವ ಭಾಗ ಎಂದು ಮಾಡಿದವರಿಗೆ ಗೊತ್ತಿದೆ. ಪೆಟ್ಟಿಗೆಯಲ್ಲಿ ಇನ್ನೊಂದು ಹಾಕಿ 50 ರೂಪಾಯಿ ಜಾಸ್ತಿ ಕೇಳಿದ್ದರೆ ಸಂತೋಷದಿಂದ ಕೊಡುತ್ತಿದ್ದೆ.

ಹದಿನೈದು ದಿನ ಆಯಿ ಮತ್ತೆ ಕೊಡಪಾನ ಹೊತ್ತಳು. ಅದನ್ನು ನೋಡಲಾರದೆ ಎರಡನೆಯದನ್ನು ತರಿಸಿದೆ.

ಎರಡನೆಯದನ್ನು ಜೋಪಾನ ಮಾಡಿದೆ. ಉಪ್ಪು ನೀರು ಮುಟ್ಟಿಸುವುದಿಲ್ಲ, ಮೊದಲನೆಯದರ ದಂಡ ತುಕ್ಕು ಹಿಡಿದದ್ದು ಅದರಿಂದಲೇ. ಮಳೆಗಾಲದಲ್ಲಿ ವಾರಗಟ್ಟಲೆ ಬೇಡವಾದಾಗ ನಾಲ್ಕು ಸ್ಕ್ರೂ ಬಿಚ್ಚಿ ಚಕ್ರವನ್ನು ಹೊರಗಿಡುತ್ತೇನೆ, ಇಲ್ಲದಿದ್ದರೆ ಬಾಗಿದ ರೆಕ್ಕೆ ಬಾಗಿದ ಹಾಗೇ ಸೆಟೆದುಕೊಳ್ಳುತ್ತದೆ. ಮತ್ತೆ ಕೂರಿಸುವಾಗ ಔಷಧಿ ಅಂಗಡಿಯ ಗ್ಲಿಸರಿನ್ ಸವರುತ್ತೇನೆ.

ಕರೆಂಟಿನ ವಿಷಯದಲ್ಲಿ ಸಲಿಗೆ ಬೇಡ. ದಂಡದ ಸೀಲು ಕೆಲವು ತಿಂಗಳಿಗೆ ಹನಿಯಲು ಶುರುವಾಗುತ್ತದೆ, ಆ ಹನಿ ದಂಡದ ಗುಂಟ ಡ್ರಿಲ್ಲಿನ ಕಡೆಗೆ ಹರಿಯುತ್ತದೆ. ಟ್ಯೂಬಿನಿಂದ ರೂಪಾಯಿ ನಾಣ್ಯದಷ್ಟು ದುಂಡಗೆ ರಬ್ಬರು ಕತ್ತರಿಸಿ, ನಡುವೆ ತೂತು ಮಾಡಿ ದಂಡಕ್ಕೆ ಬಿಗಿಯಾಗಿ ಪೋಣಿಸಿದ್ದೇನೆ. ತಿರುಗುವಾಗ ಹನಿಯೆಲ್ಲ ಅದರ ಅಂಚಿಗೆ ಬಂದು ಸಿಡಿದು ಹೋಗುತ್ತದೆ, ಚಕ್ಕಿನವರೆಗೆ ಬರುವುದಿಲ್ಲ. ಸಿಡಿದದ್ದು ಡ್ರಿಲ್ಲಿಗೆ ತಾಗದಂತೆ ನಡುವೆ ಒಂದು ತಗಡು. ಇಷ್ಟಾದರೂ, ಮನೆಯ ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು, ಹಾಕಿಸಿದ ಮೇಲೇ ನನಗೆ ನಿದ್ದೆ ಬಂದದ್ದು. ಆಯಿಗೆ ಒಬ್ಬಳೇ ಇದನ್ನು ಓಡಿಸಲು ಇಂದಿಗೂ ಬಿಟ್ಟಿಲ್ಲ. ಕುಡಿಯುವ ನೀರಿಗೂ ಬಳಸುವುದಿಲ್ಲ. ರಬ್ಬರಿನ ವಾಸನೆ ಬರುತ್ತದೆ.

ನಾನು ಎಣಿಸದೇ ಸಿಕ್ಕಿದ ಸುಖ ಒಂದಿದೆ. ಜಗುಲಿ ಬದಿಯ ಎತ್ತರದ ಡ್ರಮ್ಮಿಗೆ ಮಾಡಿನ ಮಳೆನೀರು ಬೀಳುತ್ತದೆ. ಹಿತ್ತಲು ಅಲ್ಲಿಂದ ತಗ್ಗು. ಹತ್ತು ಸೆಕೆಂಡು ಪಂಪು ಓಡಿಸಿದರೆ ಪೈಪು ತುಂಬುತ್ತದೆ. ನಿಲ್ಲಿಸಿ, ಪಂಪಿನ ಹೀರುವ ಬದಿಯ ಪೈಪನ್ನು ಮಡಚಿ ಹಿಡಿದು ಕಳಚಿ, ಆ ತುದಿಯನ್ನು ಕೆಳಗೆ ಹರಿವೆ ಮಡಿಗೆ ತಂದು ಬಿಟ್ಟರೆ ಆಯಿತು, ಡ್ರಮ್ಮಿನ ತಳ ಕಾಣುವವರೆಗೆ ನೀರು ತಾನಾಗಿ ಹರಿಯುತ್ತದೆ. ಕರೆಂಟು ಬೇಡ, ಸದ್ದು ಇಲ್ಲ. ಅಕ್ಟೋಬರಿನಲ್ಲಿ ಮಳೆ ಬಿಟ್ಟು ಬಿಟ್ಟು ಬರುವಾಗ ಹಿತ್ತಲಿಗೆಲ್ಲ ಹೀಗೇ ಉಣಿಸಿದ್ದು.

ಈ ಬೇಸಿಗೆ ಕೊನೆಗೆ ಬಿಚ್ಚಿ ನೋಡಿದಾಗ ಎರಡನೇ ಚಕ್ರದ ಒಂದು ರೆಕ್ಕೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಮೂರನೇ ಪಂಪು ತರಿಸಿ ಕಪಾಟಿನಲ್ಲಿಟ್ಟಿದ್ದೇನೆ, ಈ ಸಲ 420 ರೂಪಾಯಿ. ಚಕ್ರ ಮಾತ್ರ ಸಿಗುವ ಅಂಗಡಿ ನಮ್ಮ ಜಿಲ್ಲೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.