ಇವಿ ದೀಪ, ಕ್ರೂಸ್ ಕಂಟ್ರೋಲ್, ಎಳೆದು ಬಿಡೋದು: ತುಮಕೂರು ರಸ್ತೆಯಲ್ಲಿ ಹೈಬ್ರಿಡ್‌ಗೆ ಯಾವುದು ಸರಿ?

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ‘ಎಳೆದು ಬಿಡೋದಕ್ಕೆ’. ಅಂದರೆ ಎಂಜಿನ್ ಕೈಲಿ ಗಟ್ಟಿಯಾಗಿ ಒಂದು ವೇಗಕ್ಕೆ ಎಳೆಸಿ, ಆಮೇಲೆ ಕಾಲು ಸಡಿಲಿಸಿ ಗಾಡಿಯನ್ನ ಅದರ ಪಾಡಿಗೆ ಉರುಳೋಕೆ ಬಿಡೋದು. ಇದರ ಜೊತೆಗೆ ಇನ್ನೆರಡು ರೀತಿಯಲ್ಲೂ ಓಡಿಸಿ ನೋಡಿದೆ. ಒಂದು, ಎಂಜಿನ್ ನಿಂತು ಬರೀ ಬ್ಯಾಟರಿಯಲ್ಲಿ ಓಡುವಾಗ ಉರಿಯೋ ಇವಿ ದೀಪ ಆರದ ಹಾಗೆ ಮೆತ್ತಗೆ ಒತ್ತುತ್ತಾ ಹೋಗೋದು. ಇನ್ನೊಂದು, ಕಟ್ಟಿದ ವೇಗವನ್ನ ಗಾಡಿ ತಾನೇ ಹಿಡಿದುಕೊಳ್ಳೋ ಕ್ರೂಸ್ ಕಂಟ್ರೋಲ್ ಹಾಕಿ ಸುಮ್ಮನೆ ಕೂರೋದು.

ನಮ್ಮದು 1.5 ಲೀಟರ್ ಸ್ಟ್ರಾಂಗ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಗಾಡಿಯನ್ನ ಒಂದೇ ಎಳೆಯಬಲ್ಲ ಕರೆಂಟ್ ಮೋಟಾರೂ ಇರೋ ಕಾರು. ಗ್ರ್ಯಾಂಡ್ ವಿಟಾರಾ, ಹೈರೈಡರ್ ಎರಡರಲ್ಲೂ 2022ರಿಂದ ಬರುತ್ತಿರುವ ಅದೇ ಎಂಜಿನ್-ಮೋಟಾರ್ ಜೋಡಿ. ಕಂಪನಿ ಹೇಳುವ ಮೈಲೇಜ್ ಲೀಟರ್‌ಗೆ 27.97 ಕಿ.ಮೀ. ಮಾಮೂಲಿ ಪೆಟ್ರೋಲ್ ಮಾಡೆಲ್‌ಗಿಂತ ಲಕ್ಷಗಟ್ಟಲೆ ಜಾಸ್ತಿ ಕೊಟ್ಟು ತಂದಿದ್ದೀವಿ. ಆ ದುಡ್ಡು ಬಂಕ್‌ನಲ್ಲಿ ವಾಪಸ್ ಬರಬೇಕು ಅನ್ನೋದು ನನ್ನ ಆಸೆ. ತಂದಿದ್ದಕ್ಕೆ ಈಗ ಖುಷಿಯಾಗಿದ್ದೀನಿ, ಆದರೆ ಆ ಖುಷಿ ಬಂದಿದ್ದು ಓಡಿಸೋ ರೀತಿ ಬದಲಾದ ಮೇಲೆ.

ಗಾಡಿ ಕೊಡುವಾಗ ಷೋರೂಮಿನ ಹುಡುಗ ಹೇಳಿದ್ದು ಒಂದೇ ಮಾತು: “ಇವಿ ದೀಪ ಉರೀತಾ ಇದ್ರೆ ಪೆಟ್ರೋಲ್ ಖರ್ಚೇ ಇಲ್ಲ ಸರ್, ಅದನ್ನ ಆರಿಸ್ಬೇಡಿ.” ಮೊದಲು ಹಾಗೇ ಓಡಿಸಿದೆ. ಬಿ.ಎಚ್. ರಸ್ತೆಯಲ್ಲಿ, ಟೌನ್‌ಹಾಲ್ ಸರ್ಕಲ್‌ನಿಂದ ಭದ್ರಮ್ಮ ಸರ್ಕಲ್ ಕಡೆಗೆ, ಪೆಡಲ್ ಮೇಲೆ ಕಾಲು ಇಟ್ಟೂ ಇಡದ ಹಾಗೆ. ದೀಪ ಉರಿಯೋದೇನೋ ಉರಿಯುತ್ತೆ. ಆದರೆ ಟ್ಯಾಂಕ್ ಫುಲ್ ಮಾಡಿಸಿ, ಮತ್ತೆ ಫುಲ್ ಮಾಡಿಸಿ ಲೆಕ್ಕ ಹಾಕಿದರೆ 22ರ ಆಸುಪಾಸು.

ಕಾರಣ ಸರಳ. ಈ ಕಾರಿನ ಬ್ಯಾಟರಿ ಹಿಡಿಯೋದು 0.76 ಕಿಲೋವ್ಯಾಟ್ ಅವರ್. ಬೆಸ್ಕಾಂ ಬಿಲ್ಲಿನ ಲೆಕ್ಕದಲ್ಲಿ ಒಂದು ಯೂನಿಟ್ಟೂ ಇಲ್ಲ. ಇದನ್ನ ಪ್ಲಗ್‌ಗೆ ಹಾಕಿ ಚಾರ್ಜ್ ಮಾಡೋ ಹಾಗೂ ಇಲ್ಲ. ಅದರೊಳಗಿನ ಪ್ರತಿ ಹನಿ ಕರೆಂಟೂ ಪೆಟ್ರೋಲ್‌ನಿಂದಲೇ ಬಂದಿದ್ದು, ನೇರವಾಗಿಯೋ ಬ್ರೇಕ್ ಮೂಲಕವೋ. ಮೆಲ್ಲಗೆ ಒತ್ತಿ ಒತ್ತಿ ಬ್ಯಾಟರಿ ಖಾಲಿ ಮಾಡಿದರೆ ಎಂಜಿನ್ ಎದ್ದು ಅದನ್ನ ತುಂಬಲೇಬೇಕು. ಎಂಜಿನ್‌ನಿಂದ ಜನರೇಟರ್‌ಗೆ, ಅಲ್ಲಿಂದ ಬ್ಯಾಟರಿಗೆ, ಅಲ್ಲಿಂದ ಮೋಟಾರ್‌ಗೆ: ಹೆಜ್ಜೆಹೆಜ್ಜೆಗೂ ಸ್ವಲ್ಪ ಸೋರುತ್ತೆ. ಜಾಮ್‌ನಲ್ಲಿ ತೆವಳುವಾಗ ಇವಿ ಒಳ್ಳೇದೇ, ಅದನ್ನ ಗಾಡಿ ತಾನೇ ಮಾಡಿಕೊಳ್ಳುತ್ತೆ, ನಾವು ಕಷ್ಟಪಡಬೇಕಾಗಿಲ್ಲ.

ಎಳೆದು ಬಿಡೋದರ ಲೆಕ್ಕ ಇದಕ್ಕೆ ತದ್ವಿರುದ್ಧ. ಪೆಟ್ರೋಲ್ ಎಂಜಿನ್‌ಗೆ ತೀರಾ ಹಗುರ ಕೆಲಸ ಕೊಟ್ಟರೆ ಸುಟ್ಟ ಎಣ್ಣೆಗೆ ತಕ್ಕ ಕೆಲಸ ಬರಲ್ಲ. ಹದವಾದ ಭಾರ ಕೊಟ್ಟಾಗಲೇ ಒಂದು ಲೀಟರ್‌ಗೆ ಹೆಚ್ಚು ದುಡಿಯುತ್ತೆ. ಹಾಗಾಗಿ ಗುಬ್ಬಿ ರಸ್ತೆಯಲ್ಲಿ 45ರಿಂದ 60ಕ್ಕೆ ಹಿಂಜರಿಯದೆ ಎಳೆಸ್ತೀನಿ. ಡ್ಯಾಶ್‌ಬೋರ್ಡ್ ಮೀಟರಿನ ಮುಳ್ಳು ಇಕೋ ಪಟ್ಟಿಯ ಮೇಲ್ತುದಿ ಮುಟ್ಟಬೇಕು, ಪವರ್ ಪಟ್ಟಿಗೆ ನುಗ್ಗಬಾರದು. 60 ಮುಟ್ಟಿದ ಕೂಡಲೇ ಕಾಲು ಎತ್ತಿದರೆ ಎಂಜಿನ್ ನಿಲ್ಲುತ್ತೆ. ಆಮೇಲೆ ಉರುಳೋದು.

ಈ ಉರುಳಿಸೋದರಲ್ಲೇ ಇರೋದು ತಲೆನೋವು. ಅದನ್ನ ಬಿಡಿಸಿ ಹೇಳಲೇಬೇಕು, ಯಾಕಂದ್ರೆ ಎಷ್ಟೋ ಜನ ಇಲ್ಲೇ ಕೈಬಿಡ್ತಾರೆ.

ಕಾಲು ಪೂರ್ತಿ ಎತ್ತಿದರೆ ಗಾಡಿ ಉರುಳಲ್ಲ, ಹಿಡಿದೆಳೆದ ಹಾಗೆ ನಿಧಾನ ಆಗುತ್ತೆ. ಕರೆಂಟ್ ಎತ್ತ ಹೋಗ್ತಿದೆ ಅಂತ ತೋರಿಸೋ ಪರದೆ, ಎನರ್ಜಿ ಮಾನಿಟರ್, ನೋಡಿದರೆ ಚಕ್ರದಿಂದ ಬ್ಯಾಟರಿ ಕಡೆಗೆ ಬಾಣ ಓಡ್ತಿರುತ್ತೆ. ಚಾರ್ಜ್ ಆಗ್ತಿದೆ ಅಂತ ನೋಡಿದವರು ಖುಷಿಪಡ್ತಾರೆ. ಆದರೆ ಆ ಓಟ ಬ್ಯಾಟರಿಗೆ ಹೋಗಿ ಮತ್ತೆ ಚಕ್ರಕ್ಕೆ ಬರುವಷ್ಟರಲ್ಲಿ ಒಂದು ಪಾಲು ಕಳೆದುಹೋಗಿರುತ್ತೆ. ಓಟ ಓಟವಾಗಿಯೇ ಉಳಿಯೋದು ಲಾಭ. ಅದಕ್ಕೆ ಕಾಲು ಪೂರ್ತಿ ಎತ್ತಿ, ಎಂಜಿನ್ ನಿಂತ ಮೇಲೆ ಮತ್ತೆ ಕೂದಲೆಳೆಯಷ್ಟು ಒತ್ತಬೇಕು. ಬಾಣ ಮಾಯ ಆಗುತ್ತೆ: ಚಾರ್ಜೂ ಇಲ್ಲ, ಖರ್ಚೂ ಇಲ್ಲ. ಇನ್ನೊಂದು ಕೂದಲೆಳೆ ಜಾಸ್ತಿ ಆದರೆ ಬಾಣ ತಿರುಗಿ ಬ್ಯಾಟರಿಯಿಂದ ಚಕ್ರಕ್ಕೆ ಹೊರಡುತ್ತೆ.

ಆ ಜಾಗ ಹವಾಯಿ ಚಪ್ಪಲಿಯಲ್ಲಿ ಸಿಗಲ್ಲ. ದಪ್ಪ ಅಟ್ಟೆಯ ಸ್ಪೋರ್ಟ್ಸ್ ಶೂನಲ್ಲೂ ಸಿಗಲ್ಲ. ತೆಳು ಅಟ್ಟೆಯ ಶೂ ಹಾಕಿ, ಹಿಮ್ಮಡಿಯನ್ನ ಮ್ಯಾಟ್ ಮೇಲೆ ಊರಿ, ಬೆರಳಿನ ಬುಡದಿಂದ ಮಾತ್ರ ಒತ್ತಬೇಕು. ಪರದೆ ನೋಡ್ತಾ ಗಾಡಿ ಓಡಿಸೋದು ಅಪಾಯ. ಅದಕ್ಕೆ ಭಾನುವಾರ ಬೆಳಗ್ಗೆ ಖಾಲಿ ಇರೋ ರಿಂಗ್ ರೋಡ್‌ಗೆ ಹೋಗಿ ಹೆಂಡತಿಯನ್ನ ಪಕ್ಕದಲ್ಲಿ ಕೂರಿಸಿಕೊಂಡೆ. ಪರದೆ ಅವಳದು, ರಸ್ತೆ ನನ್ನದು. “ಬಾಣ ಹೋಯ್ತು... ರೀ, ಮತ್ತೆ ಬಂತು, ಸ್ವಲ್ಪ ಒತ್ತಿ... ಹಾಂ, ಹಾಗೇ ಇರ್ಲಿ.” ಕೊನೆಗೆ ಪಾದಕ್ಕೇ ಅದು ಗೊತ್ತಾಯ್ತು, ಈಗ ಪರದೆ ಬೇಕಾಗಿಲ್ಲ. ಗುಬ್ಬಿ ರಸ್ತೆಯಲ್ಲೂ ಊರೊಳಗೂ ಸೇರಿ 26 ದಾಟುತ್ತೆ. ಅದೇ ಗಾಡಿ, ಅದೇ ರಸ್ತೆ.

ಹಿಂದೆ ಬಸ್ಸೋ ಟಿಪ್ಪರ್ರೋ ಅಂಟಿಕೊಂಡಿದ್ದರೆ ಇದನ್ನ ಮಾಡ್ಬೇಡಿ. ವೇಗ ಏರಿಳಿಯೋದು ಅವರಿಗೆ ಕಿರಿಕಿರಿ, ನಿಮಗೆ ಅಪಾಯ.

ಕ್ರೂಸ್ ಕಂಟ್ರೋಲ್ ಅನ್ನ ಹೆದ್ದಾರಿಯಲ್ಲಿ ನೋಡಿದೆ. ಕ್ಯಾತ್ಸಂದ್ರ ಟೋಲ್ ದಾಟಿ ನೆಲಮಂಗಲದ ಕಡೆಗೆ 80ಕ್ಕೆ ಕಟ್ಟಿದರೆ 24ರ ಹತ್ತಿರ ಕೊಡುತ್ತೆ, ಕಾಲಿಗೂ ಆರಾಮ. ಆ ವೇಗದಲ್ಲಿ ಎಂಜಿನ್ ಹೆಚ್ಚುಕಡಿಮೆ ಓಡ್ತಾನೇ ಇರುತ್ತೆ, ಹಾಗಾಗಿ ಎಳೆದು ಬಿಡೋದರಿಂದ ಅಲ್ಲಿ ಹೇಳಿಕೊಳ್ಳುವಂಥ ಲಾಭ ಇಲ್ಲ. ಫ್ಲೈಓವರ್ ಏರುವಾಗ ಮಾತ್ರ ಹಠಕ್ಕೆ ಬಿದ್ದು 80ನ್ನೇ ಹಿಡಿಯುತ್ತೆ, ಎಂಜಿನ್ ಗುಯ್ ಅನ್ನುತ್ತೆ. ನಾನಾದರೆ ಏರಿನಲ್ಲಿ 72ಕ್ಕೆ ಇಳಿಯೋಕೆ ಬಿಟ್ಟು ಇಳಿಜಾರಿನಲ್ಲಿ ವಾಪಸ್ ತಗೋತೀನಿ. 100ಕ್ಕೆ ಕಟ್ಟಿದರೆ 20ಕ್ಕೆ ಬೀಳುತ್ತೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 80ಕ್ಕಿಂತ 100ರಲ್ಲಿ ಅದು ಒಂದೂವರೆ ಪಟ್ಟು ಮೀರುತ್ತೆ. ಅದಕ್ಕೆ ಯಾವ ಹೈಬ್ರಿಡ್ಡೂ ಮದ್ದಲ್ಲ.

ಹೋಗುವಾಗಿನ ಮೈಲೇಜ್ ಒಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ. ಬೆಂಗಳೂರು ತುಮಕೂರಿಗಿಂತ ಸುಮಾರು 100 ಮೀಟರ್ ಎತ್ತರದಲ್ಲಿದೆ. ಹೋಗಿಬಂದಿದ್ದು ಸೇರಿಸಿಯೇ ಲೆಕ್ಕ ಹಾಕಿ.

ಗುಬ್ಬಿಯ ನಮ್ಮ ಭಾವನ ಸಲಹೆ ಬೇರೆ: “ಇಳಿಜಾರಲ್ಲಿ ನ್ಯೂಟ್ರಲ್‌ಗೆ ಹಾಕಯ್ಯ, ಸುಮ್ನೆ ಎಣ್ಣೆ ಯಾಕೆ ಸುಡ್ತೀಯ?” ಅವರ ಹಳೇ ಡೀಸೆಲ್ ಜೀಪಿನ ಅಭ್ಯಾಸ ಅದು. “ಇದ್ರಲ್ಲಿ ಅದು ಬೇಡ ಭಾವ” ಅಂದೆ. ನ್ಯೂಟ್ರಲ್‌ನಲ್ಲಿ ಹೈಬ್ರಿಡ್ ಬ್ಯಾಟರಿ ಚಾರ್ಜ್ ಆಗಲ್ಲ, ಗಾಡಿಯ ಮೇಲಿನ ಹಿಡಿತವೂ ತಪ್ಪುತ್ತೆ. ದೇವರಾಯನದುರ್ಗದ ಬೆಟ್ಟ ಇಳಿಯುವಾಗ ಬಿ ಗೇರ್ (ಕಾಲು ಎತ್ತಿದಾಗ ಗಾಡಿಯನ್ನ ಇನ್ನೂ ಜಾಸ್ತಿ ಹಿಡಿದೆಳೆಯೋ ಗೇರ್) ಹಾಕಿ, ಬ್ರೇಕ್ ಬಿಸಿಯಾಗೋದು ತಪ್ಪುತ್ತೆ. ಬಯಲು ರಸ್ತೆಯಲ್ಲಿ ಬಿ ಬೇಡ.

ಹಂಪ್ ಕಂಡರೆ ದೂರದಿಂದಲೇ ಮೆತ್ತಗೆ ಬ್ರೇಕ್ ಒತ್ತಿ. ಜೋರಾಗಿ ಒತ್ತಿದಷ್ಟೂ ಬ್ಯಾಟರಿಗೆ ಹೋಗಬೇಕಾದ್ದು ಬ್ರೇಕ್ ಪ್ಯಾಡ್‌ನಲ್ಲಿ ಬಿಸಿಯಾಗಿ ಹೋಗುತ್ತೆ. ಟೈರಿಗೆ ಗಾಳಿ, ಬಾಗಿಲ ಸ್ಟಿಕ್ಕರ್‌ನಲ್ಲಿ ಇರುವಷ್ಟು.

ಒಂದು ಜಾಗದಲ್ಲಿ ಮೂರೂ ರೀತಿ ಸೋಲುತ್ತವೆ. ಬೆಳಗ್ಗೆ ತಣ್ಣಗಿರುವ ಎಂಜಿನ್‌ನಲ್ಲಿ ಅಮ್ಮನನ್ನ ಸಿದ್ಧಗಂಗೆಗೆ ಬಿಟ್ಟುಬರೋ ಸಣ್ಣ ಓಟ. ಎಂಜಿನ್ ಬಿಸಿಯಾಗೋವರೆಗೂ ಅದು ನಿಲ್ಲೋಕೆ ಒಪ್ಪಲ್ಲ. ಈಗ ಮಠ, ತರಕಾರಿ, ಬ್ಯಾಂಕ್ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಮುಗಿಸ್ತೀವಿ.

ನಮ್ಮ ಓಡಾಟ ಮುಕ್ಕಾಲು ಪಾಲು ಊರೊಳಗೆ ಮತ್ತು ಗುಬ್ಬಿ ಕಡೆಗೆ, ಹಾಗಾಗಿ ಎಳೆದು ಬಿಡೋದೇ ನಮಗೆ ಗೆದ್ದಿದ್ದು. ಪೀಣ್ಯಕ್ಕೆ ಹೋಗುವ ದಿನ ಕ್ರೂಸ್, 80ಕ್ಕೆ. ಹೆಂಡತಿ ಓಡಿಸುವಾಗಲೂ ಕ್ರೂಸೇ, ಅವಳಿಗೆ ಪಾದದ ಕಸರತ್ತು ಇಷ್ಟವಿಲ್ಲ. ನೀವು ದಿನಾ ಬೆಂಗಳೂರಿಗೆ 100ರಲ್ಲೇ ಹೋಗಿಬರೋರಾದರೆ ಆ ಲಕ್ಷಗಟ್ಟಲೆ ವಾಪಸ್ ಬರೋದು ಕಷ್ಟ, ಮಾಮೂಲಿ ಪೆಟ್ರೋಲ್ ಮಾಡೆಲ್ಲೇ ನೋಡಿ. ಟೆಸ್ಟ್ ಡ್ರೈವ್‌ಗೆ ಹೋದಾಗ ಎನರ್ಜಿ ಮಾನಿಟರ್ ಹಾಕಿಸಿ, ತೆಳು ಅಟ್ಟೆಯ ಶೂ ಹಾಕಿಕೊಂಡು ಹೋಗಿ.