ಗ್ರೇಟ್‌ಫುಲ್ ಡೆಡ್: ಆಲ್ಬಂ ಆಮೇಲೆ, ಮೊದಲು ಲೈವ್ ಕೇಳಿ

ವರ್ಷಗಟ್ಟಲೆ ಕೇಳಿದ ಮೇಲೆ ಹೇಳುತ್ತಿದ್ದೇನೆ: ಸ್ಟುಡಿಯೋ ಆಲ್ಬಂ ಕೇಳಿ ಅಮೆರಿಕದ ಈ ರಾಕ್ ಬ್ಯಾಂಡನ್ನು ಅಳೆಯಬೇಡಿ. ‘ಡಾರ್ಕ್ ಸ್ಟಾರ್’ 1968ರಲ್ಲಿ ಸಿಂಗಲ್ (ಬಿಡಿ ಹಾಡು) ಆಗಿ ಬಂದಾಗ ಪೂರ್ತಿ ಮೂರು ನಿಮಿಷವೂ ಇರಲಿಲ್ಲ. ಮರುವರ್ಷದ ಲೈವ್ ಆಲ್ಬಂನಲ್ಲಿ ಅದೇ ಹಾಡು 23 ನಿಮಿಷ. ಒಂದೇ ಸಾಲಿನ ಪಲ್ಲವಿಯನ್ನು ಮುಕ್ಕಾಲು ಗಂಟೆ ಕೇಳಿ ರೂಢಿಯಿರುವ ನಮಗೆ ಇದು ಹೊಸದೇನಲ್ಲ.

1965ರಿಂದ 1995ರವರೆಗೆ ಇವರು ಸುಮಾರು 2,300 ಕಛೇರಿ ಕೊಟ್ಟರು. ಅವುಗಳಲ್ಲಿ ಬಹುಪಾಲು ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಟೇಪ್ ಮಾಡಿಕೊಳ್ಳುವವರನ್ನು ಓಡಿಸುವ ಬದಲು, 1984ರಲ್ಲಿ ಬ್ಯಾಂಡೇ ಅವರಿಗೆ ಪ್ರತ್ಯೇಕ ಜಾಗ ಮಾಡಿಕೊಟ್ಟಿತ್ತು. ಸೌಂಡ್‌ಬೋರ್ಡ್ ರೆಕಾರ್ಡಿಂಗ್ (ಕಛೇರಿಯ ಮಿಕ್ಸರ್‌ನಿಂದಲೇ ನೇರ ತೆಗೆದದ್ದು) ಆನ್‌ಲೈನಲ್ಲಿ ಕೇಳಬಹುದಷ್ಟೆ, ಸಭಿಕರು ಮಾಡಿದ್ದನ್ನು ಡೌನ್‌ಲೋಡ್ ಮಾಡಿಕೊಳ್ಳಬಹುದು. ಸಭಿಕರ ಟೇಪ್‌ಗಳಲ್ಲಿ ಸೀಟಿ, ಹರಟೆ ಎಲ್ಲವೂ ಇರುತ್ತದೆ. ಜಾಮ್ (ಎಲ್ಲರೂ ಸೇರಿ ಮನೋಧರ್ಮದಲ್ಲಿ ನುಡಿಸುವುದು) ರಂಗೇರುವ ಹೊತ್ತಿಗೇ ಕ್ಯಾಸೆಟ್ ತಿರುಗಿಸಲು ಹೋಗಿ ಅರ್ಧ ನಿಮಿಷ ಮಾಯ! ಕೇಳುಗರು ಕೊಟ್ಟ ಸ್ಟಾರ್‌ಗಳನ್ನು ನೆಚ್ಚಿಕೊಳ್ಳಬೇಡಿ; ಅಭಿಮಾನಿಗಳು ಧಾರಾಳಿಗಳು.

ಹೊಸಬರಿಗೆ ಎಲ್ಲರೂ ತೋರಿಸುವುದು 1977ರ ಮೇ 8ರ ಕಾರ್ನೆಲ್ ವಿಶ್ವವಿದ್ಯಾಲಯದ ಕಛೇರಿ. ಬೆಟ್ಟಿ ಕ್ಯಾಂಟರ್-ಜಾಕ್ಸನ್ ಮಾಡಿದ ಆ ರೆಕಾರ್ಡಿಂಗ್ ಅಚ್ಚುಕಟ್ಟು, ನುಡಿಸಿದ್ದೂ ಅಚ್ಚುಕಟ್ಟು. ನನಗೆ ಆ ಅಚ್ಚುಕಟ್ಟೇ ಸ್ವಲ್ಪ ಹೆಚ್ಚಾಯಿತು. ನನ್ನ ಓಟು 1972ರಿಂದ 74ಕ್ಕೆ. 1971ರ ಆರಂಭದಲ್ಲೇ ಮಿಕ್ಕಿ ಹಾರ್ಟ್ ಬ್ಯಾಂಡ್ ಬಿಟ್ಟಿದ್ದರಿಂದ ಡ್ರಮ್ಸ್‌ಗೆ ಬಿಲ್ ಕ್ರುಟ್ಸ್‌ಮನ್ ಒಬ್ಬರೇ. ಇಬ್ಬರಿದ್ದಾಗ ಲಯಕ್ಕೆ ತೂಕ ಬರುತ್ತದೆ ನಿಜ, ಆದರೆ ತಿರುವು ತೆಗೆದುಕೊಳ್ಳಲು ನಿಧಾನ. ಒಬ್ಬರೇ ಇದ್ದಾಗ ಮುಖ್ಯ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ಗಿಟಾರ್‌ನಲ್ಲಿ ಸುಮ್ಮನೆ ಒಂದು ಸುಳಿವು ಕೊಟ್ಟರೂ ಮರುಕ್ಷಣ ಇಡೀ ಗುಂಪು ಅತ್ತ ವಾಲುತ್ತದೆ. ಫಿಲ್ ಲೆಷ್ ಅವರ ಬೇಸ್ ಕೂಡ ಹಿಂದೆ ನಿಂತು ತಾಳ ಹಾಕುವುದಿಲ್ಲ, ಗಿಟಾರಿಗೆ ಎದುರುತ್ತರ ಕೊಡುತ್ತಲೇ ಇರುತ್ತದೆ. ಇದನ್ನು ಫೋನಿನ ಸ್ಪೀಕರಲ್ಲಿ ಕೇಳಿದರೆ ಅರ್ಧ ಸಂಗೀತ ಹೋದಂತೆಯೇ, ಹೆಡ್‌ಫೋನ್ ಹಾಕಿಕೊಳ್ಳಿ.

ಒಂದೇ ಒಂದು ರಾತ್ರಿ ಹೇಳಿ ಅಂದರೆ, ರಾತ್ರಿಯಲ್ಲ, ಹಗಲು: 1972ರ ಆಗಸ್ಟ್ 27, ಆರೆಗಾನ್‌ನ ವೆನೀಟಾ. ನಷ್ಟದಲ್ಲಿದ್ದ ಡೇರಿಯೊಂದಕ್ಕೆ ನೆರವಾಗಲು ಬಯಲಲ್ಲಿ ನಡೆದ ಕಾರ್ಯಕ್ರಮ. ಸುಡುಬಿಸಿಲಿಗೆ ಗಿಟಾರ್‌ಗಳ ಶ್ರುತಿ ಮತ್ತೆ ಮತ್ತೆ ಜಾರುತ್ತದೆ, ಅದು ಕಿವಿಗೂ ಗೊತ್ತಾಗುತ್ತದೆ. ಆದರೂ ಅಂದಿನ ‘ಡಾರ್ಕ್ ಸ್ಟಾರ್’ ಅರ್ಧ ಗಂಟೆ ಎಲ್ಲೂ ಸಡಿಲವಾಗುವುದಿಲ್ಲ.

ದೋಷಗಳೂ ಇವೆ. ಇವರ ಹಾಡುಗಾರಿಕೆ ಯಾವ ಕಾಲಕ್ಕೂ ಅಷ್ಟಕ್ಕಷ್ಟೆ. 1978ರ ನಂತರ ಕಛೇರಿಯ ಎರಡನೇ ಭಾಗದ (ಸೆಟ್) ನಡುವೆ ಡ್ರಮ್ಸ್, ಅದರ ಬೆನ್ನಿಗೆ ‘ಸ್ಪೇಸ್’ ಎಂಬ ರೂಪವಿಲ್ಲದ ನುಡಿಕೆ ಖಾಯಂ ಆಯಿತು. ಅಷ್ಟರಲ್ಲಿ ಬ್ಯಾಂಡಿಗೆ ಮರಳಿದ್ದ ಹಾರ್ಟ್ ಅವರು ತಬಲಾ ವಾದಕ ಅಲ್ಲಾ ರಖಾ ಅವರ ಬಳಿ ಕಲಿತವರು, ಜಾಕಿರ್ ಹುಸೇನ್ ಜೊತೆ ನುಡಿಸಿದವರು; ಹಾಗಂತ ಪ್ರತಿ ರಾತ್ರಿಯ ಡ್ರಮ್ಸ್ ಭಾಗಕ್ಕೂ ತನಿ ಆವರ್ತನದ ಬಿಗಿ ಬರುವುದಿಲ್ಲ. ಎಷ್ಟೋ ಸಲ ನಾನು ದಾಟಿಸಿಬಿಡುತ್ತೇನೆ. 1994, 95ರ ಕಛೇರಿಗಳಲ್ಲಿ ಗಾರ್ಸಿಯಾ ಸಾಹಿತ್ಯವನ್ನೇ ಮರೆಯುತ್ತಾರೆ, ಕೇಳುವುದು ಕಷ್ಟ.

1972ರ ಯುರೋಪ್ ಪ್ರವಾಸದ 73 ಸಿಡಿಗಳ ಪೆಟ್ಟಿಗೆಗೆ ಈಗಲೇ ದುಡ್ಡು ಹಾಕಬೇಡಿ. ವೆನೀಟಾ ಕೇಳಿ, ಆಮೇಲೆ 1974.