ಹಳೆ ಪೆಟ್ರೋಲ್ ಜೀಪಿನ ಮೈಲೇಜ್ ಹುಡುಕಾಟ: ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಎಷ್ಟು ಉಪಯೋಗ?

ಹಳೆ ಪೆಟ್ರೋಲ್ ಫೋರ್ ಬೈ ಫೋರ್ ಇಟ್ಟುಕೊಂಡವರೆಲ್ಲ ಒಂದು ಮಾತನ್ನು ಕೇಳಿಯೇ ಇರುತ್ತಾರೆ: "ಇಂಥ ಗಾಡಿ ಕುಡಿಯೋದೇ ಹೀಗೆ, ಬಿಡಿ." ಪೂರ್ತಿ ಸುಳ್ಳಲ್ಲ. ಭಾರದ ಗಾಡಿ, ಚೌಕ ಮುಂಭಾಗ, ಅಗಲವಾದ ಟೈರ್. ಆದರೆ ಲೀಟರಿಗೆ 9 ಕಿಲೋಮೀಟರ್ ಕೊಡುತ್ತಿದ್ದ ಗಾಡಿ 6ಕ್ಕೆ ಇಳಿದರೆ ಅದು ಗಾಡಿಯ ಗುಣವಲ್ಲ, ಕಾಯಿಲೆ. ಆ ಕಾಯಿಲೆ ಹುಡುಕಲು ನಾನು ಕೆಲವು ವರ್ಷಗಳಿಂದ ಬಳಸುತ್ತಿರುವುದು ಬೆಂಕಿಪೊಟ್ಟಣದಷ್ಟು ದೊಡ್ಡದಾದ ಒಂದು ಬ್ಲೂಟೂತ್ ಓಬಿಡಿ ಸ್ಕ್ಯಾನರ್, ಅಂದರೆ ಎಂಜಿನ್ ಕಂಪ್ಯೂಟರ್‌ನಲ್ಲಿರುವ ಮಾಹಿತಿಯನ್ನು ಓದುವ ಸಾಧನ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿ, ಫೋನಿನ ಆ್ಯಪ್‌ಗೆ ಜೋಡಿಸಿದರೆ ಆಯಿತು.

ಕೊಳ್ಳುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ಕಾರ್ಬುರೇಟರ್ ಗಾಡಿಗೆ ಇದು ಯಾವ ಕೆಲಸಕ್ಕೂ ಬರುವುದಿಲ್ಲ. ಆ 16 ಪಿನ್ ಸಾಕೆಟ್ ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಕಡ್ಡಾಯವಾಯಿತು, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ. ಅದಕ್ಕೂ ಹಿಂದಿನ ಇಂಜೆಕ್ಷನ್ ಗಾಡಿಗಳಲ್ಲಿ ಇರಲೂಬಹುದು, ಇಲ್ಲದಿರಲೂಬಹುದು.

ಇಂಥ ಸ್ಕ್ಯಾನರ್‌ಗಳಲ್ಲಿ ಹೆಚ್ಚಿನವು ಗಾಡಿಯ ಕಂಪ್ಯೂಟರ್ ಭಾಷೆಯನ್ನು ಫೋನಿಗೆ ಅರ್ಥ ಮಾಡಿಸುವ ಇಎಲ್‌ಎಂ327 ಚಿಪ್‌ನ ನಕಲು. ಡಬ್ಬಿಯ ಮೇಲೆ ವರ್ಷನ್ 1.5 ಎಂದಿದ್ದರೆ ಅನುಮಾನವೇ ಬೇಡ, ನಕಲೇ. ಮೂಲ ಕಂಪನಿ ಆ ನಂಬರಿನ ಚಿಪ್ ಬಿಟ್ಟೇ ಇರಲಿಲ್ಲ. ನನ್ನದೂ ನಕಲೇ. ಕೆಲಸ ಮಾಡುತ್ತದೆ, ಆದರೆ ಆಗಾಗ ಕನೆಕ್ಷನ್ ಬಿಟ್ಟುಹೋಗುತ್ತದೆ. ಹಳೆ ಗಾಡಿಯ ಕಂಪ್ಯೂಟರ್ ಬೇರೆ ನಿಧಾನ. ಕಂಪ್ಯೂಟರ್ ಜೊತೆ ಮಾತಾಡುವ ಹಳೆಯ ಐಎಸ್‌ಒ ಲೈನ್‌ನಲ್ಲಿ ಮಾಹಿತಿ ಓಡುವ ವೇಗ ಸೆಕೆಂಡಿಗೆ ಸುಮಾರು 10 ಕಿಲೋಬಿಟ್, ಹೊಸ ಗಾಡಿಗಳ ಕ್ಯಾನ್ ಲೈನ್‌ನಲ್ಲಿ 500. ಹಾಗಾಗಿ ಪರದೆ ತುಂಬ ಮೀಟರ್ ಹಾಕಿಕೊಂಡರೆ ಎಲ್ಲವೂ ತಡವಾಗಿ ಅಲ್ಲಾಡುತ್ತವೆ. ನಾನು ನಾಲ್ಕೇ ಇಟ್ಟುಕೊಳ್ಳುತ್ತೇನೆ: ಕೂಲಂಟ್ (ಎಂಜಿನ್ ತಣಿಸುವ ದ್ರವ) ಬಿಸಿ, ಎಕ್ಸಾಸ್ಟ್ ಹೊಗೆಯ ಆಮ್ಲಜನಕ ಅಳೆಯುವ ಮುಂದಿನ ಆಕ್ಸಿಜನ್ ಸೆನ್ಸರ್, ಶಾರ್ಟ್ ಟರ್ಮ್ ಟ್ರಿಮ್ (ಪೆಟ್ರೋಲ್ ಅಳತೆಯ ಕ್ಷಣಕ್ಷಣದ ತಿದ್ದುಪಡಿ), ಲಾಂಗ್ ಟರ್ಮ್ ಟ್ರಿಮ್ (ಕಂಪ್ಯೂಟರ್ ಕಲಿತು ಉಳಿಸಿಕೊಂಡ ತಿದ್ದುಪಡಿ).

ಮೊದಲ ಉಪಕಾರ ಸಿಕ್ಕಿದ್ದು ಕೂಲಂಟ್ ಮೀಟರ್‌ನಿಂದ. ಡ್ಯಾಶ್‌ಬೋರ್ಡ್ ಮುಳ್ಳು ಹೆಚ್ಚುಕಡಿಮೆ ಸರಿಯಾದ ಜಾಗದಲ್ಲೇ ಇತ್ತು. ವಾರ್ನಿಂಗ್ ಲೈಟ್ ಇಲ್ಲ, ಕಂಪ್ಯೂಟರ್ ದಾಖಲಿಸುವ ದೋಷದ ಕೋಡ್ ಇಲ್ಲ. ಸ್ಕ್ಯಾನರ್ ಮಾತ್ರ ಬೇರೆ ಕಥೆ ಹೇಳಿತು. ಟ್ರಾಫಿಕ್‌ನಲ್ಲಿ ನಿಂತಾಗ 88 ಡಿಗ್ರಿ, ಓಪನ್ ರೋಡಿನಲ್ಲಿ ಗಾಳಿ ಹೊಡೆದ ತಕ್ಷಣ 70ಕ್ಕಿಂತ ಕೆಳಗೆ. ಅಂದರೆ ಎಂಜಿನ್ ಬಿಸಿಯಾಗುವ ತನಕ ಕೂಲಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ಥರ್ಮೋಸ್ಟಾಟ್ ಮುಚ್ಚಿಕೊಳ್ಳುತ್ತಲೇ ಇಲ್ಲ. ಎಂಜಿನ್ ಇನ್ನೂ ಬಿಸಿಯಾಗಿಲ್ಲ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಸ್ವಲ್ಪ ಜಾಸ್ತಿಯೇ ಸುರಿಯುತ್ತಿರುತ್ತದೆ, ಆಯಿಲ್ ಕೂಡ ಗಟ್ಟಿಯಾಗೇ ಇರುತ್ತದೆ. ಹೊಸ ಥರ್ಮೋಸ್ಟಾಟ್ ಹಾಕಿದ ಮೇಲೆ ರೋಡಿನಲ್ಲೂ 85ರ ಆಸುಪಾಸಿನಲ್ಲೇ ನಿಂತಿತು. ಇಷ್ಟು ಸಣ್ಣ ಭಾಗವನ್ನು ಬಿಟ್ಟು ಎಷ್ಟೋ ಜನ ನೇರವಾಗಿ ಇಂಜೆಕ್ಟರ್ ಬಿಚ್ಚಿಸಲು ಹೋಗುತ್ತಾರೆ. ನೋಡಿದರೆ ಸಂಕಟವಾಗುತ್ತದೆ.

ಅಷ್ಟಾದರೂ ಮೈಲೇಜ್ ಪೂರ್ತಿ ವಾಪಸ್ ಬರಲಿಲ್ಲ. ಮುಂದಿನ ಕಥೆಗೋಸ್ಕರವೇ ಈ ವಿಮರ್ಶೆ ಬರೆಯಬೇಕು ಅನ್ನಿಸಿದ್ದು.

ಫ್ಯೂಯಲ್ ಟ್ರಿಮ್ ಅಂದರೆ, ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಹೆಚ್ಚಿಸುತ್ತಿದೆ ಅಥವಾ ಕಡಿಮೆ ಮಾಡುತ್ತಿದೆ ಎಂಬ ಶೇಕಡಾವಾರು. ಸೊನ್ನೆಯ ಹತ್ತಿರ ಇದ್ದರೆ ಚೆನ್ನ. ಎರಡೂ ಟ್ರಿಮ್ ಸೇರಿ 10 ದಾಟಿದರೆ ಹುಡುಕುವ ಕೆಲಸ ಶುರು. ನನ್ನ ಗಾಡಿಯಲ್ಲಿ ಐಡ್ಲಿಂಗ್‌ನಲ್ಲಿ ಪ್ಲಸ್ 14. ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ ಎಂದು ಕಂಪ್ಯೂಟರ್ ನಂಬಿದೆ ಅಂತ ಅರ್ಥ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ತುದಿಯೆಲ್ಲ ಒಣ ಮಸಿ, ಬೆರಳಿಗೆ ಕಪ್ಪಗೆ ಅಂಟುವಷ್ಟು. ಪೆಟ್ರೋಲ್ ಸಾಲದ ಎಂಜಿನ್‌ನ ಪ್ಲಗ್ ಹೀಗಿರುವುದಿಲ್ಲ ಅಲ್ವಾ? ಮೀಟರ್ ಒಂದು ಹೇಳುತ್ತಿದೆ, ಪ್ಲಗ್ ಇನ್ನೊಂದು ಹೇಳುತ್ತಿದೆ.

ಇಂಥ ಕಡೆ ಪ್ಲಗ್ ಮಾತನ್ನೇ ನಂಬಬೇಕು. ಸ್ಕ್ಯಾನರ್ ತೋರಿಸುವುದು ಎಂಜಿನ್ ಒಳಗೆ ಏನಾಗುತ್ತಿದೆ ಎಂಬುದನ್ನಲ್ಲ, ಏನಾಗುತ್ತಿದೆ ಎಂದು ಕಂಪ್ಯೂಟರ್ ಅಂದುಕೊಂಡಿದೆ ಎಂಬುದನ್ನು. ಆ ಕಂಪ್ಯೂಟರ್‌ಗೆ ಸುದ್ದಿ ಕೊಡುವುದು ಆಕ್ಸಿಜನ್ ಸೆನ್ಸರ್. ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ (ಎಂಜಿನ್‌ನಿಂದ ಹೊಗೆ ಒಟ್ಟುಗೂಡಿಸುವ ಕೊಳವೆ) ಎಲ್ಲಾದರೂ ಲೀಕ್ ಇದ್ದರೆ, ಎಕ್ಸಾಸ್ಟ್‌ನ ಒತ್ತಡ ಏರಿಳಿಯುವಾಗ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಆ ಗಾಳಿಯ ಆಮ್ಲಜನಕವನ್ನು ನೋಡಿ ಸೆನ್ಸರ್ ಪೆಟ್ರೋಲ್ ಕಡಿಮೆ ಎಂದು ಹೇಳುತ್ತದೆ. ಕಂಪ್ಯೂಟರ್ ಜಾಸ್ತಿ ಮಾಡುತ್ತದೆ. ಎಂಜಿನ್ ಸುಮ್ನೆ ಕುಡಿಯುತ್ತಾ ಹೋಗುತ್ತದೆ. ಸೆನ್ಸರ್ ಕೆಟ್ಟಿದೆ ಎಂದು ಹೊಸದು ಹಾಕಿದರೂ ಅದೂ ಅದೇ ಸುಳ್ಳು ಸುದ್ದಿಯನ್ನೇ ಕೊಡುತ್ತದೆ.

ಕೊಟ್ಟ ಕೊನೆಯ ಸುಳಿವು ಸದ್ದು. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಬಾನೆಟ್ ಕೆಳಗೆ ಸಣ್ಣ ಟಿಕ್ ಟಿಕ್, ಬಿಸಿಯಾಗಿ ಲೋಹ ಹಿಗ್ಗಿದ ಮೇಲೆ ಮಾಯ. ಟ್ಯಾಪೆಟ್ ಸದ್ದು ಎಂದು ಬಿಟ್ಟುಬಿಡುವುದು ಸುಲಭ. ತಣ್ಣಗಿನ ಎಂಜಿನ್ ಆಫ್ ಮಾಡಿಟ್ಟು, ಸೈಲೆನ್ಸರ್ ತುದಿಯಿಂದ ಬ್ಲೋವರ್‌ನಲ್ಲಿ ಗಾಳಿ ಊದಿ, ಮ್ಯಾನಿಫೋಲ್ಡ್ ಸುತ್ತ ಸೋಪಿನ ನೀರು ಹಾಕಿದಾಗ ಹಿಂದಿನ ಪೋರ್ಟ್ ಹತ್ತಿರ ಗುಳ್ಳೆ ಎದ್ದವು. ಮ್ಯಾನಿಫೋಲ್ಡ್ ಹಿಡಿದಿಡುವ ಒಂದು ಸ್ಟಡ್ ಮುರಿದಿತ್ತು, ಪಕ್ಕದಲ್ಲಿ ಸಂದು ಮುಚ್ಚುವ ಗ್ಯಾಸ್ಕೆಟ್ ಮೇಲೆ ಹೊಗೆ ಸೋರಿದ ಕಪ್ಪು ಗೆರೆ. ಸ್ಟಡ್, ಗ್ಯಾಸ್ಕೆಟ್ ಎರಡೂ ಬದಲಾಯಿಸಿದ ಮೇಲೆ ಟ್ರಿಮ್ 3ರ ಹತ್ತಿರ ಬಂದು ನಿಂತಿತು. ಆ ನಂಬರ್ ಇಳಿಯುವುದನ್ನು ಕಣ್ಣಾರೆ ನೋಡಿದ್ದು ಎಷ್ಟು ಖುಷಿ ಕೊಟ್ಟಿತು ಅಂದರೆ, ಅದೊಂದಕ್ಕೇ ಈ ಸ್ಕ್ಯಾನರ್‌ಗೆ ಪೂರ್ತಿ ಅಂಕ ಕೊಡಬಹುದು.

ಇದರ ಕಣ್ಣಿಗೆ ಬೀಳದವೂ ಬೇಕಾದಷ್ಟಿವೆ. ಕೆಸರು, ನೀರಿನಲ್ಲಿ ಓಡಿದ ಗಾಡಿಯ ಬ್ರೇಕ್ ಕ್ಯಾಲಿಪರ್ ಪಿನ್ ತುಕ್ಕು ಹಿಡಿದು ಪ್ಯಾಡ್ ಉಜ್ಜುತ್ತಿದ್ದರೆ ಸ್ಕ್ಯಾನರ್‌ಗೆ ಗೊತ್ತಾಗುವುದಿಲ್ಲ. ಒಂದು ಓಟ ಮುಗಿಸಿ ನಾಲ್ಕೂ ಚಕ್ರದ ಬಿಸಿ ಹೋಲಿಸಿ ನೋಡಬೇಕು. ಫೋರ್ ಬೈ ಫೋರ್‌ಗಾಗಿ ಮುಂದಿನ ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ ಹಬ್ ಲಾಕ್ ಆಗೇ ಉಳಿದಿದ್ದರೂ ತೋರಿಸುವುದಿಲ್ಲ.

ಟೈರ್ ವಿಷಯ ಇನ್ನೂ ಮೋಸದ್ದು. 235/75 ಆರ್15 ಟೈರ್‌ನ ಎತ್ತರ ಸುಮಾರು 733 ಮಿಲಿಮೀಟರ್, 31 ಇಂಚಿನದ್ದು 787. ಈ ಬದಲಾವಣೆ ಮಾಡಿಕೊಂಡರೆ ಮೀಟರ್ 100 ಕಿಲೋಮೀಟರ್ ತೋರಿಸುವಾಗ ಗಾಡಿ ನಿಜಕ್ಕೂ ಓಡಿರುವುದು 107. ದೊಡ್ಡ ಟೈರ್ ಎಳೆಯಲು ಪೆಟ್ರೋಲ್ ಜಾಸ್ತಿ ಬೇಕು ನಿಜ, ಆದರೆ ಕಾಗದದ ಮೇಲಿನ ನಷ್ಟದಲ್ಲಿ ಒಂದು ಪಾಲು ಬರೀ ಲೆಕ್ಕದ ತಪ್ಪು. ಸ್ಕ್ಯಾನರ್ ಆ್ಯಪ್ ತೋರಿಸುವ ಮೈಲೇಜ್ ಕೂಡ ಗಾಡಿಯ ಅದೇ ಸ್ಪೀಡ್ ಹಿಡಿದು ಲೆಕ್ಕ ಹಾಕಿದರೆ ಅದೇ ತಪ್ಪನ್ನು ಮಾಡುತ್ತದೆ. ಜಿಪಿಎಸ್ ಜೊತೆ ಹೋಲಿಸಿಕೊಂಡು, ಟ್ಯಾಂಕ್ ಫುಲ್ ಮಾಡಿ ಮತ್ತೆ ಫುಲ್ ಮಾಡುವ ಹಳೆ ಲೆಕ್ಕವನ್ನೇ ನಂಬಿ. ಎರಡು ಮೂರು ಟ್ಯಾಂಕ್‌ನ ಸರಾಸರಿ ತೆಗೆಯಿರಿ.

ಕೋಡ್ ಓದುವುದಕ್ಕೆ ಮಾತ್ರ ಸ್ಕ್ಯಾನರ್ ಬೇಕು ಅನ್ನುವವರು ಇದನ್ನು ಕೊಳ್ಳಬೇಡಿ, ಒಂದು ಸಲ ಯಾರ ಹತ್ತಿರವಾದರೂ ಓದಿಸಿಕೊಂಡರೆ ಸಾಕು. ಮೈಲೇಜ್ ತಿಂದ ಎರಡು ತೊಂದರೆಗಳಲ್ಲಿ ಒಂದಕ್ಕೂ ನನ್ನ ಗಾಡಿಯಲ್ಲಿ ಕೋಡ್ ಬಂದಿರಲಿಲ್ಲ. ಲೈವ್ ನಂಬರ್ ನೋಡುತ್ತಾ ಕೂರುವ ತಾಳ್ಮೆ ಇದ್ದರೆ ಖಂಡಿತ ತೆಗೆದುಕೊಳ್ಳಿ. ಗಾಡಿ ನಿಲ್ಲಿಸಿದಾಗ ಸಾಕೆಟ್‌ನಿಂದ ಕಿತ್ತಿಡಿ. ಕೀ ತೆಗೆದರೂ ಸಾಕೆಟ್‌ನ ಒಂದು ಪಿನ್‌ಗೆ ಕರೆಂಟ್ ಇದ್ದೇ ಇರುತ್ತದೆ, ತುಂಬ ದಿನ ನಿಂತ ಗಾಡಿಯ ಬ್ಯಾಟರಿ ಇಳಿಯುತ್ತದೆ.